ಕಾಣದ ಮಗ್ಗುಲಿನ ಕಾಯಕ



ಮನುಷ್ಯನು ಮಾಡುವ ಪ್ರತಿಯೊಂದು ಕೆಲಸಕ್ಕೂ ಎರಡು ಮಗ್ಗುಲುಗಳುಂಟು. ಒಂದು ಕಾಣುವ ಮಗ್ಗುಲು, ಇನ್ನೊಂದು ಕಾಣದ ಮಗ್ಗುಲು. ಕಾಣುವ ಮಗ್ಗುಲಿಗೆ ಲೋಕವೇ ಸಾಕ್ಷಿ. ಕಾಣದ ಮಗ್ಗುಲಿಗೆ ಮಾಡಿದವನ ಮನಸ್ಸೊಂದೇ ಸಾಕ್ಷಿ. ಲೋಕವು ನೋಡಿ ಮೆಚ್ಚಿದ ಮೇಲೆ ಕಾಣದ ಮಗ್ಗುಲಿನ ಚಿಂತೆ ಏತಕ್ಕೆ? ಅಲ್ಲಿ ಉಳಿದ ಕುಂದನ್ನು ಮುಚ್ಚಿಟ್ಟರೆ ಯಾರಿಗೇನು ನಷ್ಟ? ಅದರಲ್ಲಿಯೂ ಮಾಡಿದವನು ಈಗತಾನೆ ಕಲಿಯುತ್ತಿರುವವನಾಗಿದ್ದು, ಮಾಡಿದ್ದು ಭಕ್ತಿಯಿಂದಲೇ ಆಗಿದ್ದರೆ ಅದೊಂದು ದೋಷವೆನಿಸೀತೇ? ಈ ಪ್ರಶ್ನೆಯನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ಇದನ್ನು ನನಗೆ ಕಲಿಸಿದ್ದು ಶಾಸ್ತ್ರಗ್ರಂಥವಲ್ಲ, ಒಂದು ಮರದ ಬೆಂಚು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಶಾಲಾ ಸೇವೆಯಿಂದ ನಿವೃತ್ತನಾಗಿ ಕೊಡ್ಲಿಯ ಮನೆಯಲ್ಲಿ ನೆಲೆಸಿದ ಮೇಲೆ, ಕೈಗೆ ಕೆಲಸವಿಲ್ಲದ ಬೇಸರದಿಂದ ನಾನು ಬಡಗಿತನಕ್ಕೆ ತೊಡಗಿದೆನು. ಹಳೆಯ ಮನೆಯೊಂದನ್ನು ಕೆಡವಿದಾಗ ದೊರೆತ ಸಾಗವಾನಿಯ ಹಲಗೆಗಳು ಹಿತ್ತಿಲಲ್ಲಿ ಬಿದ್ದಿದ್ದವು. ಗರಗಸ, ಉಳಿ, ಕೊಡತಿ, ರಂದಾ, ಮೂಲೆಮಟ್ಟ ಇಷ್ಟನ್ನು ಕೂಡಿಸಿಕೊಂಡು, ಹುಡುಗರು ಕುಳಿತು ಪ್ರಸಾದ ಸ್ವೀಕರಿಸಲು ಒಂದು ಬೆಂಚನ್ನು ಮಾಡಿ ಒಂದು ಪ್ರಸಾದನಿಲಯಕ್ಕೆ ಅರ್ಪಿಸಬೇಕೆಂದು ಸಂಕಲ್ಪಿಸಿದೆನು. ಉದ್ದ 5 ಅಡಿ, ಎತ್ತರ 18 ಅಂಗುಲ. ನೋಡಲು ಸರಳವಾದ ಕೆಲಸ. ಆದರೆ ಸರಳವೆಂದು ಕಾಣುವ ಕೆಲಸದಲ್ಲಿಯೇ ಕೈಯ ಅಜ್ಞಾನವು ಬೇಗನೆ ಬಯಲಾಗುತ್ತದೆ.

ಬೆಂಚಿನ ಬಲವೆಲ್ಲವೂ ಅದರ ಕೀಲಿನಲ್ಲಿದೆ. ಕಾಲಿನಲ್ಲಿ ಉಳಿಯಿಂದ ಚೌಕವಾದ ತೂತನ್ನು ಕೊರೆದು, ಅಡ್ಡಪಟ್ಟಿಯ ತುದಿಯನ್ನು ನಾಲಿಗೆಯಂತೆ ಸವರಿ, ಆ ತೂತಿನೊಳಗೆ ಬಿಗಿಯಾಗಿ ಕೂಡಿಸಬೇಕು. ನಾಲಿಗೆಯು ಕೈಯಿಂದ ಒತ್ತಿದರೆ ಅರ್ಧ ಹೋಗಬೇಕು, ಉಳಿದರ್ಧಕ್ಕೆ ಕೊಡತಿಯ ಪೆಟ್ಟು ಬೇಕು. ಅದು ಸರಿಯಾದ ಬಿಗಿ. ನಾನು ಅವಸರಪಟ್ಟು ಒಂದು ಕಾಲಿನ ತೂತನ್ನು ಜೋಳದ ಕಾಳಿನಷ್ಟು ಅಗಲವಾಗಿ ಕೊರೆದುಬಿಟ್ಟೆನು. ಪಟ್ಟಿಯು ಅದರಲ್ಲಿ ಅಲುಗಾಡತೊಡಗಿತು. ಹೊಸ ಕಾಲನ್ನು ಮಾಡಲು ಮರವಿತ್ತು, ದಿನಗಳೂ ಇದ್ದವು, ಇಲ್ಲದಿದ್ದುದು ತಾಳ್ಮೆ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಆ ಸಂದಿಗೆ ತುಂಬಿದೆನು. ಒಣಗಿದ ಮೇಲೆ ಮರಳುಕಾಗದದಿಂದ ತಿಕ್ಕಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯುಂಡೆಯಿಂದ ಐದಾರು ಸಲ ತೆಳ್ಳಗೆ ಬಳಿದೆನು. ಬೆಂಚು ಕನ್ನಡಿಯಂತೆ ಹೊಳೆಯಿತು. ಮುಂಭಾಗದ ಪಟ್ಟಿಯ ಮೇಲೆ ‘ಭಕ್ತಿಪೂರ್ವಕ ಕಾಣಿಕೆ’ ಎಂದು ನನ್ನ ಹೆಸರನ್ನೂ ಬರೆಯಿಸಿದೆನು. ಶ್ರಾವಣಮಾಸದಲ್ಲಿ ಅದನ್ನು ಒಪ್ಪಿಸಿದಾಗ ನೋಡಿದವರೆಲ್ಲರೂ ಹೊಗಳಿದರು. ತುಂಬಿದ ಸಂದಿಯ ವಿಷಯವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರವು ಕಡಿದ ಮೇಲೆಯೂ ಸುಮ್ಮನಿರುವ ವಸ್ತುವಲ್ಲ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಅದು ಉಬ್ಬುತ್ತದೆ, ಬೇಸಗೆಯಲ್ಲಿ ತೇವವನ್ನು ಬಿಟ್ಟು ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳು ಎಳೆಯ ಉದ್ದಕ್ಕೆ ನಗಣ್ಯ, ಎಳೆಯ ಅಡ್ಡಕ್ಕೆ ಗಣನೀಯ. ನಮ್ಮ ಸೇಡಂ, ಚಿಂಚೋಳಿ, ಚಿತ್ತಾಪುರಗಳ ಬಿಸಿಲಿನ ಪರಿಚಯ ನಿಮಗುಂಟು. ಬೇಸಗೆಯಲ್ಲಿ ಅದು 40 ಡಿಗ್ರಿಯನ್ನು ದಾಟುತ್ತದೆ. ಶ್ರಾವಣದಲ್ಲಿ ಉಬ್ಬಿದ್ದ ಪಟ್ಟಿಯು ಶಿವರಾತ್ರಿ ಕಳೆದ ಮೇಲೆ ಕುಗ್ಗಿತು. ಹೊಟ್ಟಿನ ತುಂಬುವಿಕೆಯು ಪುಡಿಯಾಗಿ ಉದುರಿತು. ಪರೀಕ್ಷೆಯ ದಿನಗಳಲ್ಲೊಂದು ಸೋಮವಾರ ನಾನೂ ಪ್ರಸಾದಕ್ಕೆ ಹೋಗಿದ್ದೆನು. ಹುಡುಗರು ಕುಳಿತಿದ್ದ ಬೆಂಚು ಒಮ್ಮೆಲೆ ಒಂದು ಕಡೆ ವಾಲಿತು. ತುದಿಯಲ್ಲಿದ್ದ ಬಾಲಕನು ಬಿದ್ದನು, ಬಿಸಿ ಸಾರು ಅವನ ಪಾದದ ಮೇಲೆ ಚೆಲ್ಲಿತು.

ಗಾಯವು ದೊಡ್ಡದಲ್ಲ, ನಾಲ್ಕೈದು ದಿನಗಳಲ್ಲಿ ಮಾಯಿತು. ಆದರೆ ಅಲ್ಲಿ ನಡೆದ ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ. ಮೇಲ್ವಿಚಾರಕರು ಓಡಿಬಂದು, ಹೊಳೆಯುವ ಆ ಬೆಂಚನ್ನೂ ಅದರ ಮೇಲಿನ ಹೆಸರನ್ನೂ ನೋಡಿ, “ದಾನಿಗಳು ಇಷ್ಟು ಚೆಂದ ಮಾಡಿ ಕೊಟ್ಟಿದ್ದಾರೆ, ಅದರ ಮೇಲೆ ಕುಣಿದು ಮುರಿದಿರಾ?” ಎಂದು ಆ ಬಾಲಕನನ್ನೇ ಗದರಿಸಿದರು. ಅವನು, “ನಾ ಕುಣಿದಿಲ್ರಿ ಸರ್, ಬರೇ ಕುಂತಿದ್ದೆ” ಎಂದನು. ಅವನ ಮಾತನ್ನು ಯಾರೂ ನಂಬಲಿಲ್ಲ. ಸತ್ಯವನ್ನು ಬಲ್ಲವನು ನಾನೊಬ್ಬನೇ. ನಾನು ತಲೆ ತಗ್ಗಿಸಿಕೊಂಡು ಪ್ರಸಾದವನ್ನು ಮುಗಿಸಿ ಮನೆಗೆ ಬಂದೆನು. ಬೆಂಚಿನ ಮೇಲಿನ ಹೆಸರು ನನ್ನದು, ಬೈಗುಳ ಅವನದು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಓದುಗರೇ, ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವು ಇಲ್ಲಿದೆ. ಮುಚ್ಚಿಟ್ಟ ದೋಷದಿಂದ ಯಾರಿಗೇನು ನಷ್ಟವೆಂದು ನಾವು ಕೇಳುತ್ತೇವೆ. ಮುಚ್ಚಿಟ್ಟ ದೋಷವು ಸಾಯುವುದಿಲ್ಲ. ಅದು ಕಾಲವನ್ನು ಕಾಯುತ್ತದೆ, ಕೊನೆಗೆ ಇನ್ನೊಬ್ಬರ ಹೆಸರಿನಲ್ಲಿ ಹೊರಬೀಳುತ್ತದೆ. ನಾವು ಮುಚ್ಚಿದ್ದು ನಮ್ಮ ಕೊರತೆಯನ್ನು ಮಾತ್ರವೆಂದು ತಿಳಿದಿರುತ್ತೇವೆ. ನಿಜವಾಗಿ ಮುಂದೊಂದು ದಿನ ನಿರಪರಾಧಿಯೊಬ್ಬನು ತನ್ನನ್ನು ಸಮರ್ಥಿಸಿಕೊಳ್ಳಬಹುದಾಗಿದ್ದ ಆಧಾರವನ್ನೇ ಮುಚ್ಚಿರುತ್ತೇವೆ. ಲೆಕ್ಕಪತ್ರದಲ್ಲಿಯಾಗಲಿ, ಸಂಸಾರದಲ್ಲಿಯಾಗಲಿ, ಸಂಸ್ಥೆಯ ಆಡಳಿತದಲ್ಲಿಯಾಗಲಿ ಇದರ ಕ್ರಮವು ಒಂದೇ. ಮೇಲಿನವನು ಮುಚ್ಚಿದ ಸಂದಿಯ ಮೇಲೆ ಕೆಳಗಿನವನು ಕುಳಿತಿರುತ್ತಾನೆ.

ಮರುದಿನ ಬೆಳಿಗ್ಗೆ ಹೋಗಿ ಎಲ್ಲ ಬಾಲಕರ ಎದುರಿನಲ್ಲಿ ನಡೆದುದನ್ನು ಹೇಳಿದೆನು. ಮೇಲ್ವಿಚಾರಕರು ಸಂಕೋಚದಿಂದ, “ಇರಲಿ ಬಿಡಿ, ನಿಮ್ಮ ಭಕ್ತಿ ದೊಡ್ಡದು” ಎಂದರು. ಆ ಬಾಲಕನು ಏನನ್ನೂ ಹೇಳಲಿಲ್ಲ. ಬೆಂಚಿನ ಕೆಳಗೆ ಬಗ್ಗಿ ಆ ತೂತನ್ನು ನೋಡಿದನು, ಬೆರಳಿನಿಂದ ಹೊಟ್ಟನ್ನು ಕೆದರಿದನು, ಎದ್ದು ಹೋದನು.

ಆಮೇಲೆ ಊರಿನ ಹಿರಿಯ ಬಡಿಗೇರರೊಬ್ಬರ ಬಳಿಗೆ ಬೆಂಚನ್ನು ಒಯ್ದೆನು. ಅವರು ಮೇಲಿನ ಹೊಳಪನ್ನು ನೋಡಲೇ ಇಲ್ಲ. ಬೆಂಚನ್ನು ತಲೆಕೆಳಗು ಮಾಡಿ, “ಮಾಸ್ತರ್, ಮ್ಯಾಲಿಂದು ಮಂದಿ ನೋಡ್ತಾರ, ಒಳಗಿಂದು ತೂಕ ನೋಡ್ತದ” ಎಂದರು. ತೂತಿನೊಳಗಿನ ಹೊಟ್ಟನ್ನು ಪೂರ್ತಿ ಕೆರೆಸಿದರು. ನಾಲಿಗೆಯ ಎರಡು ಬದಿಗೂ ತೆಳುವಾದ ಸಾಗವಾನಿ ಪಟ್ಟಿಗಳನ್ನು ಅಂಟಿಸಿ, ಮತ್ತೆ ಅಳತೆಗೆ ಸವರಿಸಿ, ಕಾಲಿನ ಆಚೆ ಬದಿಗೆ ಹೊರಟ ಅದರ ತುದಿಯನ್ನು ಸೀಳಿಸಿ, ಆ ಸೀಳಿನಲ್ಲಿ ಜಾಲಿಯ ಬೆಣೆಯನ್ನು ಹೊಡೆಯಿಸಿದರು. ಬೆಣೆಯ ಬಣ್ಣವು ಬೇರೆಯಾಗಿ ಎದ್ದು ಕಾಣುತ್ತಿತ್ತು. ಬಣ್ಣ ಹಚ್ಚಿ ಮರೆಮಾಡಲೇ ಎಂದು ಕೇಳಿದೆನು. “ಬ್ಯಾಡ್ರಿ, ಕಾಣಲಿ. ಮುಂದ ರಿಪೇರಿ ಮಾಡೋರಿಗೆ ಎಲ್ಲಿ ನೋಡಬೇಕಂತ ತಿಳೀತದ” ಎಂದರು. ಸತ್ಯವನ್ನು ಏಕೆ ಹೇಳಬೇಕು ಎಂಬುದಕ್ಕೆ ಇದಕ್ಕಿಂತ ಸರಳವಾದ ಕಾರಣವನ್ನು ನಾನು ಕೇಳಿಲ್ಲ. ಅದು ನಮ್ಮ ಮನಸ್ಸನ್ನು ಹಗುರ ಮಾಡಿಕೊಳ್ಳುವುದಕ್ಕಾಗಿ ಮಾತ್ರವಲ್ಲ, ನಮ್ಮ ಹಿಂದೆ ಬರುವವರಿಗೆ ದಾರಿ ತಿಳಿಯಲೆಂದು.

ಹೊಳಪನ್ನು ಕುರಿತು ಒಂದು ಮಾತು. ಮರವನ್ನು ಒಪ್ಪಗೊಳಿಸುವುದೆಂದರೆ ಕುಂದನ್ನು ಮುಚ್ಚುವುದೆಂದು ಹೊಸಬನು ತಿಳಿಯುತ್ತಾನೆ. ಅನುಭವವು ಇದಕ್ಕೆ ವಿರುದ್ಧವಾಗಿದೆ. ಎಳೆಗೆ ಅಡ್ಡವಾಗಿ ತಿಕ್ಕಿದ ಗೀರು ಬರಿಯ ಮರದಲ್ಲಿ ಕಣ್ಣಿಗೆ ಬೀಳದು. ಬಣ್ಣವನ್ನೋ ಎಣ್ಣೆಯನ್ನೋ ಹಚ್ಚಿದೊಡನೆ ಎದ್ದು ಕಾಣುತ್ತದೆ. ಅಂಟು ಸೋಕಿದ ಕಡೆ ಎಣ್ಣೆಯು ಹೀರದೆ ಕಲೆಯಾಗಿ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವುಂಟು. ಹಲಗೆಯ ಮೇಲ್ಮಗ್ಗುಲಿಗೆ ಮಾತ್ರ ಒಪ್ಪ ಹಾಕಿ ಕೆಳಮಗ್ಗುಲನ್ನು ಬರಿದಾಗಿ ಬಿಟ್ಟರೆ, ಬರಿದಾದ ಮಗ್ಗುಲು ಬೇಗನೆ ತೇವವನ್ನು ಹೀರುತ್ತದೆ, ಬೇಗನೆ ಬಿಡುತ್ತದೆ. ಎರಡು ಮಗ್ಗುಲುಗಳ ನಡತೆ ಬೇರೆಬೇರೆಯಾಗಿ ಹಲಗೆಯೇ ಬಾಗುತ್ತದೆ. ಯಾರೂ ನೋಡದ ಕೆಳಮಗ್ಗುಲಿಗೂ ಬಲ್ಲವರು ಅಷ್ಟೇ ಶ್ರದ್ಧೆಯಿಂದ ಒಪ್ಪವಿಡುವುದು ಇದಕ್ಕಾಗಿಯೇ. ಹಣೆಯ ಮೇಲೆ ವಿಭೂತಿಯನ್ನು ಧರಿಸಿ, ವ್ಯವಹಾರದಲ್ಲಿ ಕಪಟವನ್ನಿಟ್ಟುಕೊಂಡವನ ಬಾಳು ಬಾಗುವುದೂ ಇದೇ ಕಾರಣದಿಂದಲ್ಲವೇ? ಹೊರಗಿನ ಲಾಂಛನವು ಒಳಗನ್ನು ಮುಚ್ಚುವ ಬಣ್ಣವಲ್ಲ. ಅದು ಒಳಗನ್ನು ಎತ್ತಿ ತೋರಿಸುವ ಎಣ್ಣೆ.

ಹನ್ನೆರಡನೆಯ ಶತಮಾನದ ನಮ್ಮ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರು ಮರಗೆಲಸದವರು. ಮರವನ್ನು ಕೆತ್ತುವ ಬಾಚಿಯೇ ಅವರ ಹೆಸರಿನ ಮೊದಲ ಪದವಾಯಿತು. ಅವರೂ ಅವರ ಧರ್ಮಪತ್ನಿ ಕಾಳವ್ವೆಯವರೂ ವಚನಗಳನ್ನು ರಚಿಸಿದರು. ಅನುಭವದ ಮಾತಿಗೂ ಬಾಚಿಯ ಪೆಟ್ಟಿಗೂ ನಡುವೆ ಶರಣರು ಗೋಡೆಯನ್ನು ಕಟ್ಟಲಿಲ್ಲ. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ದಾಸೋಹಕ್ಕೆ ಸಲ್ಲದೆಂದು ಹಿಂದಕ್ಕೆ ಕಳುಹಿಸಿದರು. ಅಕ್ಕಿಯು ಅದೇ ಅಕ್ಕಿ, ದಾಸೋಹವೂ ಅದೇ ದಾಸೋಹ. ಆ ತಾಯಿ ನೋಡಿದ್ದು ಅಕ್ಕಿಯ ಬಿಳುಪನ್ನಲ್ಲ, ಅದರ ಹಿಂದಿನ ಆಸೆಯನ್ನು. ಅರ್ಪಣೆಯು ವಸ್ತುವಿನ ಒಳದೋಷವನ್ನು ತೊಳೆಯಲಾರದು ಎಂಬುದೇ ಇದರ ತಾತ್ಪರ್ಯ. ನನ್ನ ಬೆಂಚು ಲಕ್ಕಮ್ಮನವರ ಮನೆಯ ಬಾಗಿಲಿಗೆ ಹೋಗಿದ್ದರೆ ಒಳಗೆ ಬರುತ್ತಿರಲಿಲ್ಲ.

ಇಲ್ಲಿ ಕೆಲವು ಶಂಕೆಗಳೇಳಬಹುದು. ಮೊದಲನೆಯದು: ಹೀಗೆ ಪ್ರತಿಯೊಂದು ತಪ್ಪನ್ನೂ ಪಾಪವೆಂದು ಎಣಿಸಿದರೆ ಹೊಸಬನು ಉಳಿಯನ್ನು ಹಿಡಿಯುವುದಾದರೂ ಹೇಗೆ? ಕುಂದು ಬೇರೆ, ವಂಚನೆ ಬೇರೆ. ಗೆರೆ ಸೊಟ್ಟಗಾದದ್ದು, ಮೂಲೆ ಕಿತ್ತದ್ದು, ಒಪ್ಪವು ಒಂದು ಕಡೆ ದಪ್ಪವಾದದ್ದು ಇವು ಕಲಿಯುವವನ ಕುಂದುಗಳು, ಇವುಗಳಿಗೆ ನಾಚಬೇಕಾಗಿಲ್ಲ. ಮೊಳೆಯ ತೂತನ್ನು ಹೊಟ್ಟಿನಿಂದ ತುಂಬುವುದರಲ್ಲಿ ಏನೂ ದೋಷವಿಲ್ಲ, ಅದರ ಮೇಲೆ ಯಾರ ಭಾರವೂ ಬೀಳುವುದಿಲ್ಲ. ಇನ್ನೊಬ್ಬರ ಭಾರವನ್ನು ಹೊರಬೇಕಾದ ಕಡೆ ಟೊಳ್ಳನ್ನಿಟ್ಟು ಗಟ್ಟಿಯೆಂದು ತೋರಿಸುವುದು ವಂಚನೆ. ‘ಇದರ ಮೇಲೆ ಯಾರು ನಂಬಿ ಕೂಡುತ್ತಾರೆ?’ ಎಂದು ಕೇಳಿಕೊಂಡರೆ ಎರಡರ ನಡುವಿನ ಗೆರೆ ತಾನಾಗಿಯೇ ಕಾಣುತ್ತದೆ.

ಎರಡನೆಯದು: ಓದು ಬರಹ ಬಲ್ಲವರು, ವಂಶದಲ್ಲಿ ಬಡಗಿತನವಿಲ್ಲದವರು ಈ ಕೆಲಸಕ್ಕೇಕೆ ಕೈಹಾಕಬೇಕು? 1910ರಲ್ಲಿ ಗಾಂಧೀಜಿಯವರು ದಕ್ಷಿಣ ಆಫ್ರಿಕೆಯ ಜೋಹಾನ್ಸ್‌ಬರ್ಗಿನ ಬಳಿ ಟಾಲ್‌ಸ್ಟಾಯ್ ಫಾರ್ಮನ್ನು ಸ್ಥಾಪಿಸಿದಾಗ, ಅಲ್ಲಿನ ನಿವಾಸಿಗಳು ತಮಗೆ ಬೇಕಾದ ಬೆಂಚು, ಪೆಟ್ಟಿಗೆಗಳನ್ನು ತಾವೇ ಮಾಡಿಕೊಂಡರು. ವಾಸ್ತುಶಿಲ್ಪಿಯಾಗಿದ್ದ ಅವರ ಮಿತ್ರ ಕ್ಯಾಲನ್‌ಬಾಕ್ ಆ ಕೆಲಸದ ಮುಂದಾಳು. ಕೈಗೆಲಸವು ಒಂದು ಜಾತಿಯ ಹೊರೆಯೂ ಅಲ್ಲ, ಸ್ವತ್ತೂ ಅಲ್ಲ ಎಂಬ ಮಾತು ಶರಣರ ನಾಡಿಗೆ ಹೊಸದಲ್ಲ. ಇದರಿಂದ ಬಡಿಗೇರರ ಅನ್ನಕ್ಕೆ ಸಂಚಕಾರ ಬಂದೀತೆಂಬ ಭಯವೂ ಬೇಡ. ಒಂದು ತೂತನ್ನು ಚೌಕವಾಗಿ ಕೊರೆಯಲು ಹೆಣಗಿದವನು ಮುಂದೆಂದೂ ಬಡಿಗೇರರ ಕೂಲಿಯಲ್ಲಿ ಚೌಕಾಸಿ ಮಾಡಲಾರನು.

ಮಠದ ನೆರಳಿನಲ್ಲಿ ಓದಿ ಹೊರಗೆ ಹೋಗಿರುವ ತರುಣ ಬಂಧುಗಳಲ್ಲಿ ಯಾರಿಗಾದರೂ ಇದರಲ್ಲಿ ಮನಸ್ಸಾದರೆ, ನನ್ನ ಅನುಭವದ ನಾಲ್ಕು ಮಾತುಗಳು. ಮರವು ನ್ಯಾಯವಾಗಿ ಬಂದುದಾಗಿರಲಿ. ಚಿಂಚೋಳಿಯ ಅರಣ್ಯವು 2011ರಿಂದ ವನ್ಯಜೀವಿ ಧಾಮ, ಅಲ್ಲಿಂದ ಕದ್ದು ತಂದ ಮರದಲ್ಲಿ ದೇವರ ಮಂಟಪವನ್ನು ಮಾಡಿದರೂ ಅದು ಕಳವಿನ ಮಾಲೇ. ಮೊದಲು ಒಂದು ಮಣೆಯನ್ನು ಮಾಡಿರಿ, ಬೆಂಚು ಆಮೇಲೆ. ಕಾಲುಗಳು ಸಮವೇ ಎಂದು ತಿಳಿಯಲು ಮಟ್ಟವಾಗಿ ಹಾಸಿದ ಶಹಾಬಾದಿ ಕಲ್ಲಿನ ಮೇಲೆ ನಿಲ್ಲಿಸಿ ನೋಡಿರಿ, ಆ ಕಲ್ಲು ಮುಖಸ್ತುತಿ ಮಾಡುವುದಿಲ್ಲ. ಮರಳುಕಾಗದವನ್ನು ಎಳೆಯ ಗುಂಟ ತಿಕ್ಕಿರಿ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ, ಹೆಚ್ಚಾದುದನ್ನು ಒರೆಸಿ, ಪೂರ್ತಿ ಒಣಗುವವರೆಗೆ ಕೆಲವು ದಿನ ಕಾಯಿರಿ. ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯಬೇಡಿರಿ. ಅದು ಒಳಗೊಳಗೇ ಕಾಯ್ದು ತಾನಾಗಿ ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ನೆನೆಸಿ, ಇಲ್ಲವೆ ಬಯಲಿನಲ್ಲಿ ಬಿಡಿಸಿ ಒಣಹಾಕಿರಿ. ಕಡೆಯದಾಗಿ, ಮಾಡಿದ ವಸ್ತುವನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಒಮ್ಮೆ ತಲೆಕೆಳಗು ಮಾಡಿ ನೋಡಿರಿ.

ಆ ಬೆಂಚು ಈಗಲೂ ಅದೇ ಪ್ರಸಾದನಿಲಯದಲ್ಲಿದೆ. ಅದರ ಮೇಲಿದ್ದ ಹೆಸರನ್ನು ನಾನೇ ಕೆರೆದು ತೆಗೆದೆನು. ಜಾಲಿಯ ಬೆಣೆಯು ಹಾಗೆಯೇ ಕಾಣುತ್ತಿದೆ. ನಮ್ಮ ಬದುಕಿನಲ್ಲಿಯೂ ಯಾರೋ ನಮ್ಮನ್ನು ನಂಬಿ ಕುಳಿತಿರುತ್ತಾರೆ: ಮಕ್ಕಳು, ನೆರೆಯವರು, ಕೈಕೆಳಗಿನವರು. ಅವರ ಕಣ್ಣಿಗೆ ಬೀಳದ, ಆದರೆ ಅವರ ಭಾರ ಬೀಳುವ ಆ ಮಗ್ಗುಲನ್ನು ಗಟ್ಟಿಯಾಗಿಡುವ ಬುದ್ಧಿಯನ್ನು ಗುರುವು ನಮಗೆಲ್ಲರಿಗೂ ಕರುಣಿಸಲಿ.