ಜೇಬಿನ ಗೆರೆ, ಮೇಜಿನ ಗೆರೆ

ಕೇರಮ್ ಬಿಲಿಯರ್ಡ್ಸ್‌ನ ತೀರ ಮೊದಲ ಹವ್ಯಾಸಿ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲೊಂದು 1903ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು. ಗೆದ್ದವರು ಫ್ರಾನ್ಸಿನ ಲೂಸಿಯೆನ್ ರೆರೋಲ್. ನಮ್ಮ ಮನೆಗಳ ಕೇರಂ ಬೋರ್ಡಿಗೂ ಈ ಆಟಕ್ಕೂ ಸಂಬಂಧವಿಲ್ಲ. ಇದರ ಮೇಜಿಗೆ ಕುಳಿಗಳೇ ಇರುವುದಿಲ್ಲ. ಇರುವುದು ಮೂರು ಚೆಂಡು. ತನ್ನ ಚೆಂಡು ಉಳಿದೆರಡಕ್ಕೂ ತಾಗುವಂತೆ ಹೊಡೆದರೆ ಒಂದು ಅಂಕ. ಆ ಪಂದ್ಯಾವಳಿಗೆ ಎರಡು ಕಟ್ಟುಪಾಡುಗಳಿದ್ದವು. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಅಲ್ಲಿಗೆ ಬರುವಂತಿರಲಿಲ್ಲ. ಬಂದವರು ಮೇಜಿನ ಮೇಲೆ ಎಳೆದ ಗೆರೆಗಳಿಗೆ ಒಳಪಡಬೇಕಿತ್ತು. ಎರಡೂ ಆಟವನ್ನು ಶುದ್ಧವಾಗಿಡಲು ಹುಟ್ಟಿದವು. ಆದರೆ ಧರ್ಮದ ತಕ್ಕಡಿಯಲ್ಲಿ ಎರಡರ ತೂಕ ಒಂದೇ ಅಲ್ಲ.

ಮೇಜಿನ ಗೆರೆ ಬೇಕಾದದ್ದು ಆಟಗಾರರ ಕೈಚಳಕ ಮಿತಿಮೀರಿದ್ದರಿಂದ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ನುರಿತವರು ಮೂರೂ ಚೆಂಡುಗಳನ್ನು ಅಂಚಿಗೆ ಒತ್ತಿ ಕೂಡಿಸಿಕೊಂಡು, ಚದುರದಂತೆ ಮೆಲ್ಲಗೆ ತಟ್ಟುತ್ತ, ಒಂದೇ ಸರದಿಯಲ್ಲಿ ಸಾವಿರಕ್ಕೂ ಮೀರಿ ಅಂಕ ಗುಡ್ಡೆಹಾಕತೊಡಗಿದರು. ಎದುರಾಳಿಗೆ ಕುರ್ಚಿ, ನೋಡುವವರಿಗೆ ಆಕಳಿಕೆ. ಅದಕ್ಕೆಂದೇ ಅಂಚಿನಿಂದ 45 ಸೆಂಟಿಮೀಟರ್ ಒಳಗೆ ಗೆರೆ ಎಳೆದು ಮೇಜನ್ನು ಒಂಬತ್ತು ಮನೆಗಳಾಗಿ ಹಂಚಿದರು. ಎದುರಿನ ಎರಡೂ ಚೆಂಡುಗಳು ಒಂದೇ ಮನೆಯಲ್ಲಿದ್ದರೆ ಅಲ್ಲಿ ಎರಡೇ ಅಂಕ. ಎರಡನೆಯ ಹೊಡೆತಕ್ಕೆ ಒಂದಾದರೂ ಗೆರೆ ದಾಟಬೇಕು. ಈ ಪ್ರಕಾರಕ್ಕೆ 45/2 ಎಂದು ಹೆಸರು.

ಹವ್ಯಾಸಿ ಎಂಬ ಗೆರೆಯ ಹುಟ್ಟು ಬೇರೆ. 1879ರಲ್ಲಿ ಇಂಗ್ಲೆಂಡಿನ ಹೆನ್ಲಿ ದೋಣಿಸ್ಪರ್ಧೆಯ ನಿಯಮ ಕೂಲಿಕಾರರು, ಕುಶಲಕರ್ಮಿಗಳು, ಯಂತ್ರಕೆಲಸದವರು ಹವ್ಯಾಸಿಗಳೇ ಅಲ್ಲ ಎಂದು ಬರೆದಿಟ್ಟಿತು. ಅವರು ದೋಣಿ ನಡೆಸಿ ಹಣ ಪಡೆದಿರಬೇಕೆಂದೇನೂ ಇರಲಿಲ್ಲ, ಕೈಯಿಂದ ದುಡಿದು ಉಣ್ಣುತ್ತಿದ್ದದ್ದೇ ಸಾಕಾಗಿತ್ತು. 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ, ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್, ಹಿಂದೊಮ್ಮೆ ಬೇಸ್‌ಬಾಲ್ ಆಡಿ ಅಷ್ಟಿಷ್ಟು ಸಂಬಳ ಪಡೆದಿದ್ದರೆಂದು ಮರುವರ್ಷ ಅವರ ಪದಕಗಳನ್ನು ಕಿತ್ತುಕೊಂಡರು. ಉಳ್ಳವರಿಗೆ ಈ ನಿಯಮದಿಂದ ಯಾವ ತೊಂದರೆಯೂ ಇರಲಿಲ್ಲ.

ದುಡಿಮೆಯ ಹಣ ಮೈಲಿಗೆ ಎಂಬ ಈ ನಂಬಿಕೆಗೆ ಕನ್ನಡದ ಶರಣರ ವಿಚಾರ ನೇರ ಎದುರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದ ಮೇಲೆ ಕನ್ನಡಿಗರ ಕೈಗೆ ವ್ಯಾಪಕವಾಗಿ ಸಿಕ್ಕ ಆ ವಚನಗಳಲ್ಲಿ ದೋಣಿಯ ಅಂಬಿಗ, ಚಮ್ಮಾರ, ಮಡಿವಾಳ ತಂತಮ್ಮ ಕಾಯಕದ ಹೆಸರಿನಿಂದಲೇ ಮಾನ್ಯರು. ಹೆನ್ಲಿಯವರು ಹೊರಗಿಟ್ಟವರೇ ಇಲ್ಲಿ ಒಳಗಿನವರು. ಕೂಲಿ ತಪ್ಪಲ್ಲವಾದರೆ ತಪ್ಪು ಎಲ್ಲಿದೆ? ಉತ್ತರ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿದೆ. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬಾ ಎಂದು ಆಕೆ ಕಳಿಸಿದಳು. ಆಕೆಗೆ ದೋಷ ಕಂಡದ್ದು ಆಯುವುದರಲ್ಲಲ್ಲ, ಕೂಡಿಡುವುದರಲ್ಲಿ. 45/2ರ ಗೆರೆ ಹೇಳುವುದೂ ಇದನ್ನೇ: ಸುಲಭದ ಮೂಲೆಯಲ್ಲಿ ಅಳತೆಗಿಂತ ಹೆಚ್ಚು ಕೂಡಿಹಾಕಬೇಡ. ಪ್ಯಾರಿಸ್‌ನವರಿಗೆ ಲಕ್ಕಮ್ಮ ಗೊತ್ತಿರಲಿಲ್ಲ, ನಿಜ. ಆದರೂ ಹೋಲಿಕೆ ಬರಿಯ ಚಮತ್ಕಾರವಲ್ಲ. ಎರಡೂ ಕಡೆ ಮಿತಿ ಇರುವುದು ಮಾಡುವ ಕೆಲಸಕ್ಕೆ, ಮಾಡುವವನ ಹುಟ್ಟಿಗಲ್ಲ.

ಹವ್ಯಾಸಿ ಪಕ್ಷದವರು ಗೀತೆಯ ನಿಷ್ಕಾಮ ಕರ್ಮವನ್ನು ಮುಂದಿಡಬಹುದು: ಹಣವಿಲ್ಲದ ಆಟವೇ ಫಲಾಪೇಕ್ಷೆಯಿಲ್ಲದ ಆಟವಲ್ಲವೇ? ಮೇಲುನೋಟಕ್ಕೆ ಸರಿ. ಆದರೆ ಧಾರವಾಡದ ಆಲೂರು ವೆಂಕಟರಾಯರು ಕನ್ನಡಕ್ಕೆ ತಂದ ತಿಲಕರ ‘ಗೀತಾರಹಸ್ಯ’ (1915) ವಾದಿಸುವಂತೆ, ಬಿಡಬೇಕಾದದ್ದು ಕರ್ಮವನ್ನಲ್ಲ, ಅದರ ಫಲದ ಮೇಲಿನ ಆಸಕ್ತಿಯನ್ನು. ಫಲವೆಂದರೆ ಕಾಸೊಂದೇ ಅಲ್ಲ. ಕುಳಿಗಳಿರುವ ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಮೂರು ಸಲ ಹವ್ಯಾಸಿ ವಿಶ್ವ ಚಾಂಪಿಯನ್ ಆದ ಮುಂಬಯಿಯ ಮೈಕಲ್ ಫೆರೇರಾ 1981ರಲ್ಲಿ ಪದ್ಮಶ್ರೀಯನ್ನು ನಿರಾಕರಿಸಿದರು. ಕ್ರಿಕೆಟಿಗ ಗಾವಸ್ಕರ್‌ಗೆ ಸಿಕ್ಕ ಪದ್ಮಭೂಷಣವೇ ತಮಗೂ ಸಲ್ಲಬೇಕೆಂಬುದು ಅವರ ವಾದ. 1983ರಲ್ಲಿ ಅದು ಬಂತು. ಅವರ ವಾದದಲ್ಲಿ ನ್ಯಾಯವಿರಬಹುದು. ಆದರೆ ಜೇಬನ್ನು ಖಾಲಿ ಇಟ್ಟ ಮಾತ್ರಕ್ಕೆ ಮಾನದ ಹಸಿವು ಹೋಗದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹುಬ್ಬಳ್ಳಿ-ಧಾರವಾಡದವರಿಗೆ ಹವ್ಯಾಸಿ, ವೃತ್ತಿ ಎಂಬ ಜೋಡಿ ಪರಿಚಯವಾದದ್ದು ಕ್ರೀಡೆಗಿಂತ ಹೆಚ್ಚಾಗಿ ನಾಟಕದಿಂದ. ಶ್ರೀರಂಗರಂಥವರು ಕಟ್ಟಿದ ಹವ್ಯಾಸಿ ರಂಗಭೂಮಿ ಹೊಸ ವಿಚಾರ ತಂದಿತು, ಆ ಋಣ ದೊಡ್ಡದು. ಆದರೆ ಬಸವಣ್ಣನ ಪಾತ್ರದಿಂದ ಜನರ ಮನಸ್ಸಿನಲ್ಲಿ ಉಳಿದ ಏಣಗಿ ಬಾಳಪ್ಪನವರು ಟಿಕೀಟಿನ ಹಣದಿಂದ ಕಂಪನಿ ನಡೆಸಿದವರು. ವಚನಗಳನ್ನು ತನ್ಮಯರಾಗಿ ಹಾಡಿದ ಮಲ್ಲಿಕಾರ್ಜುನ ಮನಸೂರರಿಗೂ (1910–1992) ಸಂಗೀತವೇ ಅನ್ನ. ಆ ಹಾಡಿನಲ್ಲಿ ಭಕ್ತಿ ಕಡಿಮೆಯಿತ್ತೆಂದು ಧಾರವಾಡದಲ್ಲಿ ಯಾರೂ ಹೇಳಲಾರರು.

ಹಣ ಆಟವನ್ನು ಕೆಡಿಸುವುದೇ ಇಲ್ಲವೆಂದಲ್ಲ. ಬಾಜಿಗೆ ಮಾರಿಹೋದ ಪಂದ್ಯಗಳು ಹಣದ ಆಟಗಳಲ್ಲೇ ಹೆಚ್ಚು. ಅದಕ್ಕೆ ಮದ್ದು ಎಲ್ಲರಿಗೂ ಒಂದೇ ಆಗಿರುವ ನಿಯಮವೇ ಹೊರತು ಬಡವನ ಹೊರದೂಡಿಕೆಯಲ್ಲ. ಒಲಿಂಪಿಕ್ಸ್ ಕೂಡ 1980ರ ದಶಕದಲ್ಲಿ ವೃತ್ತಿಪರರಿಗೆ ಬಾಗಿಲು ತೆರೆಯಿತು. ಥೋರ್ಪ್ ತೀರಿ 30 ವರ್ಷಗಳಾದ ಮೇಲೆ, 1983ರಲ್ಲಿ, ಅವರ ಪದಕಗಳ ಪ್ರತಿಗಳನ್ನು ಮಕ್ಕಳಿಗೆ ಒಪ್ಪಿಸಲಾಯಿತು. ಮೇಜಿನ ಮೇಲಿನ ಗೆರೆ ಮಾತ್ರ ಅಳಿಸಿಲ್ಲ. ಇಂದು ಅದು ಅಂಚಿನಿಂದ 47 ಸೆಂಟಿಮೀಟರ್ ಒಳಗಿದ್ದು, ಆಟದ ಹೆಸರೂ 47/2 ಎಂದಾಗಿದೆ.