ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಕಡೆ ಮಕ್ಕಳು ಆಡುವಾಗ ತೀರಾ ಚಿಕ್ಕವರು ಹಟ ಹಿಡಿದರೆ ಅವರನ್ನೂ ಸೇರಿಸಿಕೊಳ್ಳುತ್ತಾರೆ. ಅವರು ಓಡಬಹುದು, ಕಿರುಚಬಹುದು, ಬಿದ್ದು ಅಳಲೂಬಹುದು. ಆದರೆ ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕವನಿದ್ದಾಗ ಎಷ್ಟೋ ಸಲ ನಾನೂ ಹಾಗೆ ಆಡಿದ್ದೇನೆ. ಆ ಮಾತಿನಲ್ಲಿ ಎಷ್ಟು ಕ್ರೌರ್ಯ ಅಡಗಿರಬಹುದು ಎಂದು ತಿಳಿದದ್ದು ಮಾತ್ರ ಸಂಖ್ಯಾಶಾಸ್ತ್ರ ಓದಿದ ಮೇಲೆ, ಶಿಡ್ಲಘಟ್ಟದ ಒಂದು ರೇಷ್ಮೆ ಫಿಲೇಚರಿನ ಬಾಗಿಲಲ್ಲಿ.

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ನಮ್ಮ ಜಿಲ್ಲೆಯನ್ನೇ ಆರಿಸಿಕೊಂಡಿದ್ದೆ. ಪ್ರಶ್ನೆ ಸರಳವಾಗಿತ್ತು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ನಾಲ್ಕು ಊರುಗಳ ಪೈಕಿ ಒಂದರಲ್ಲಿ ಮಾತ್ರ ಉಸಿರಾಟದ ಕಾಯಿಲೆಗೆ ವಿಶೇಷ ಚಿಕಿತ್ಸಾಲಯ ತೆರೆಯಬಹುದು ಎಂದಾದರೆ, ಎಲ್ಲಿ ತೆರೆಯಬೇಕು? ಜನಗಣತಿಯ ಸಂಖ್ಯೆ, ಬಸ್ಸಿನ ಸಮಯ, ಹೊರರೋಗಿಗಳ ದಾಖಲೆಯಿಂದ ಎತ್ತಿಕೊಂಡ ಕೆಮ್ಮು ಮತ್ತು ಉಬ್ಬಸದ ಲೆಕ್ಕ, ಇಷ್ಟನ್ನು ಮಾದರಿಗೆ ಉಣಿಸಿದೆ. ಉತ್ತರ ಬಂತು. ನಾಲ್ಕರಲ್ಲಿ ಕೊನೆಯ ಸ್ಥಾನ ಶಿಡ್ಲಘಟ್ಟಕ್ಕೆ. ಅಲ್ಲಿ ಉಸಿರಾಟದ ರೋಗಿಗಳೇ ಕಡಿಮೆ ಎಂದು ಅಂಕಿ ಹೇಳುತ್ತಿತ್ತು.

ವರದಿಗೆ ಒಂದಿಷ್ಟು ಮನೆಮನೆ ಸಮೀಕ್ಷೆಯೂ ಸೇರಲಿ ಎಂದು ನಮೂನೆ ಹಿಡಿದುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಫಿಲೇಚರಿನ ಒಳಗೆ ಬಿಸಿನೀರಿನ ತೊಟ್ಟಿಗಳಲ್ಲಿ ಗೂಡುಗಳು ಕುಣಿಯುತ್ತಿದ್ದವು. ಆವಿ, ಬೆಂದ ಹುಳುವಿನ ವಾಸನೆ, ರಾಟೆಗಳ ಸದ್ದು. ಊಟದ ಬಿಡುವಿನಲ್ಲಿ ಹೊರಗೆ ಬಂದ ಐವತ್ತರ ಆಸುಪಾಸಿನ ಒಬ್ಬ ಹೆಂಗಸನ್ನು ಕೇಳಿದೆ: “ಕಳೆದ ಒಂದು ತಿಂಗಳಲ್ಲಿ ತಮಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿದೆಯೇ?”

“ಇಲ್ಲ ಸಾಮಿ.”

‘ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಆಕೆ ಎದ್ದು ಎರಡು ಮೆಟ್ಟಿಲು ಹತ್ತಿ, ಗೋಡೆ ಹಿಡಿದು ನಿಂತರು.

“ಏನಾಯ್ತಮ್ಮಾ?”

“ಏನಿಲ್ಲ, ದಮ್ಮು. ಅದು ಇದ್ದದ್ದೇ.”

“ಆಸ್ಪತ್ರೆಗೆ ತೋರಿಸಲಿಲ್ವಾ?”

“ಆಸ್ಪತ್ರೆ ತೆಗೆಯೋ ಹೊತ್ತಿಗೆ ನಾವು ಇಲ್ಲಿ ಕೂತಿರ್ತೀವಿ. ನಾವು ಏಳೋ ಹೊತ್ತಿಗೆ ಅಲ್ಲಿ ಬಾಗಿಲು ಹಾಕಿರ್ತಾರೆ. ಒಂದು ದಿನ ಬಿಟ್ರೆ ಕೂಲಿ ಯಾರು ಕೊಡ್ತಾರೆ? ಮೆಡಿಕಲ್ ಸ್ಟೋರಲ್ಲಿ ಕೇಳಿ ಒಂದು ಮಾತ್ರೆ ನುಂಗ್ತೀನಿ.”

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದ ಸೀಮೆ ನಮ್ಮದು. ‘ದಮ್ಮು’ ಎರಡೂ ಭಾಷೆಗೆ ಸಲ್ಲುವ ಮಾತು. ನನ್ನ ನಮೂನೆಯ ‘ಉಸಿರಾಟದ ತೊಂದರೆ’ ಆಕೆಯ ಬದುಕಿನಲ್ಲಿ ಎಲ್ಲೂ ಇರಲಿಲ್ಲ. ರೇಷ್ಮೆ ಬಿಚ್ಚುವವರಿಗೆ ಉಬ್ಬಸ ಬರುವುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಹೊಸದಾಗಿದ್ದದ್ದು ನನ್ನ ಮಾದರಿಗೆ ಮಾತ್ರ. ಆಸ್ಪತ್ರೆಯ ದಾಖಲೆಯನ್ನು ನಾನು ಕಾಯಿಲೆಯ ಲೆಕ್ಕ ಎಂದುಕೊಂಡಿದ್ದೆ. ಅದು ಬರಲು ಬಿಡುವಿದ್ದವರ ಲೆಕ್ಕ. ಬರುವವರು ಕಡಿಮೆ ಎಂದು ಸೌಲಭ್ಯ ಕಡಿಮೆ ಮಾಡಿದರೆ ಬರುವವರು ಇನ್ನೂ ಕಡಿಮೆಯಾಗುತ್ತಾರೆ. ಮುಂದಿನ ವರ್ಷದ ಅಂಕಿ ನಮ್ಮ ತೀರ್ಮಾನವೇ ಸರಿ ಎಂದು ಸಾಕ್ಷಿ ಹೇಳುತ್ತದೆ.

ಇದು ನನ್ನೊಬ್ಬನ ಎಡವಟ್ಟಲ್ಲ, ಹಳೆಯ ಪ್ರಶ್ನೆ ಎಂದು ಆಮೇಲೆ ತಿಳಿಯಿತು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸು ನಗರದೊಳಕ್ಕೆ ಬರುವುದು ಬಳ್ಳಾರಿ ರಸ್ತೆಯಲ್ಲಿ. ಆ ರಸ್ತೆಯಲ್ಲೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಹುಟ್ಟಿದ್ದು. ನಾನು ವರ್ಷಗಟ್ಟಲೆ ಅದರ ಮುಂದೆ ಓಡಾಡಿದ್ದೆ, ತಲೆ ಎತ್ತಿ ನೋಡಿರಲಿಲ್ಲ. ಅಲ್ಲಿ ಕೆಲಸ ಮಾಡಿದ ಸ್ಟಿಗ್ ಆಂಡರ್ಸನ್ ಮತ್ತು ಆಂಟನ್ ಗೇಸರ್, ನಾರ್ವೆಯ ಹಾನ್ಸ್ ವಾಲರ್ ಜೊತೆ ಸೇರಿ 1962ರಲ್ಲಿ ಕ್ಷಯರೋಗಕ್ಕೆ ಒಂದು ಗಣಿತ ಮಾದರಿ ಪ್ರಕಟಿಸಿದರು. ಜನರನ್ನು ಸೋಂಕಿಲ್ಲದವರು, ಸೋಂಕು ತಗುಲಿದವರು, ರೋಗಿಗಳು ಎಂದು ವಿಂಗಡಿಸಿ, ವರ್ಷವರ್ಷ ಎಷ್ಟು ಜನ ಒಂದು ಗುಂಪಿನಿಂದ ಇನ್ನೊಂದಕ್ಕೆ ಸರಿಯುತ್ತಾರೆ ಎಂದು ಲೆಕ್ಕ ಹಾಕುವುದು ಅದರ ಕ್ರಮ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮರುವರ್ಷದ ಇನ್ನೊಂದು ಲೇಖನ. ದೇಬಬರ್ ಬ್ಯಾನರ್ಜಿ ಮತ್ತು ಅದೇ ಆಂಡರ್ಸನ್ ನಮ್ಮ ಗೌರಿಬಿದನೂರಿಗೆ ತಾಗಿಕೊಂಡಿರುವ ತುಮಕೂರು ಜಿಲ್ಲೆಯಲ್ಲಿ ಮಾಡಿದ ಅಧ್ಯಯನ ಅದು. ಆಸ್ಪತ್ರೆಯಲ್ಲಿ ಕೂತು ಬಂದವರನ್ನು ಎಣಿಸುವ ಬದಲು, ಹಳ್ಳಿಗಳ ತಪಾಸಣೆಯಲ್ಲಿ ಕ್ಷಯ ಇದೆ ಎಂದು ಕಂಡವರ ಮನೆಗಳಿಗೆ ಹೋಗಿ ಮಾತಾಡಿಸಿದರು. ಹಳ್ಳಿಯವರಿಗೆ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಆದರೆ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಎಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಚಿಕಿತ್ಸೆ ಹುಡುಕಿಕೊಂಡು ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಇದ್ದರು. ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು, ಅಷ್ಟೇ. ಹೊಸ ಹೊಸ ಪ್ರತ್ಯೇಕ ಆಸ್ಪತ್ರೆ ಕಟ್ಟುವ ಮುಂಚೆ ಈಗಾಗಲೇ ಕೆಮ್ಮುತ್ತ ಬರುವವರ ಕಫ ಪರೀಕ್ಷಿಸಿ ಎಂಬ ವಿಚಾರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಬುನಾದಿಯಾದದ್ದು ಇಂಥ ಕೆಲಸದಿಂದ. ಮಾದರಿ ಕಟ್ಟಿದ ಸಂಸ್ಥೆಯೇ ಮನೆ ಬಾಗಿಲಿಗೂ ಹೋಗಿತ್ತು. ನಾನು ಮೊದಲನೆಯದನ್ನು ಮಾತ್ರ ಕಲಿತಿದ್ದೆ.

ಹಾಗಾದರೆ ಲೆಕ್ಕವನ್ನೇ ಬಿಟ್ಟುಬಿಡೋಣವೇ? ಸಾಹಿತ್ಯ ಓದುವ ಗೆಳೆಯರು ಕೆಲವರು ಹಾಗೆಯೇ ಹೇಳಿದರು. ಮನುಷ್ಯರನ್ನು ಸಂಖ್ಯೆ ಮಾಡುವುದೇ ಪಾಪ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ ಎಂಬ ಸರ್ಕಾರಿ ಮಾನದಂಡವನ್ನೇ ನೋಡಿ. ಅದು ಒರಟು ಲೆಕ್ಕ, ನಿಜ. ಆದರೆ ಅದಿರುವುದರಿಂದಲೇ ಧಣಿಗಳಿಲ್ಲದ ಹಳ್ಳಿಯೂ “ನಮ್ಮ ಪಾಲೆಲ್ಲಿ?” ಎಂದು ಕೇಳಬಹುದು. ಲೆಕ್ಕವನ್ನು ಹೊರಗೆ ಹಾಕಿದರೆ ಆ ಜಾಗದಲ್ಲಿ ಕರುಣೆ ಬಂದು ಕೂರುವುದಿಲ್ಲ, ಶಿಫಾರಸು ಬಂದು ಕೂರುತ್ತದೆ.

ಕಷ್ಟ ಇರುವುದು ಬೇರೆ ಕಡೆ. ಒಂದು ಕಲ್ಪನೆಯ ಲೆಕ್ಕ ಮಾಡೋಣ. ಒಂದೇ ರಸ್ತೆಯ ಮೇಲೆ ಮೂರು ಊರು. ಮೊದಲನೆಯದರಲ್ಲಿ 900 ಜನ. ಅಲ್ಲಿಂದ 10 ಕಿಲೋಮೀಟರಿಗೆ ಎರಡನೆಯದು, 60 ಜನ. 30 ಕಿಲೋಮೀಟರಿಗೆ ಮೂರನೆಯದು, 40 ಜನ. ಒಂದೇ ಆಸ್ಪತ್ರೆ. ದೊಡ್ಡ ಊರಿನಲ್ಲಿ ಕಟ್ಟಿದರೆ ಒಬ್ಬೊಬ್ಬರು ನಡೆಯಬೇಕಾದ ಸರಾಸರಿ ದೂರ 1.8 ಕಿಲೋಮೀಟರ್. ಆದರೆ ಕೊನೆಯ ನಲವತ್ತು ಜನರಿಗೆ 30. ರಸ್ತೆಯ ನಟ್ಟನಡುವೆ ಕಟ್ಟಿದರೆ ಯಾರಿಗೂ 15 ಕಿಲೋಮೀಟರಿಗಿಂತ ಹೆಚ್ಚಿಲ್ಲ. ಆದರೆ ಸರಾಸರಿ 14.4ಕ್ಕೆ ಏರುತ್ತದೆ. ಎರಡರಲ್ಲಿ ಯಾವುದು ಸರಿ?

ಟೆಲಿಫೋನ್ ಜಾಲದ ಕೇಂದ್ರಗಳನ್ನು ಎಲ್ಲಿಡಬೇಕೆಂದು ಯೋಚಿಸುತ್ತಿದ್ದ ಹಕಿಮಿ ಎಂಬ ವಿದ್ವಾಂಸ 1964ರಲ್ಲಿ ಒಂದೇ ಲೇಖನದಲ್ಲಿ ಈ ಎರಡೂ ಬಗೆಯ ಬಿಂದುಗಳನ್ನು ಚರ್ಚಿಸಿದ್ದಾರೆ. ಎರಡಕ್ಕೂ ಗಣಿತದಲ್ಲಿ ದಾರಿ ಇದೆ. ಯಾವ ದಾರಿ ಹಿಡಿಯಬೇಕು ಎಂಬುದಕ್ಕೆ ಮಾತ್ರ ಗಣಿತದಲ್ಲಿ ಉತ್ತರವಿಲ್ಲ. ಒಂಬೈನೂರು ಜನರ ಸಣ್ಣ ಸಣ್ಣ ಅನುಕೂಲಗಳನ್ನು ಕೂಡಿಸಿದರೆ ನಲವತ್ತು ಜನರ ದೊಡ್ಡ ಸಂಕಟಕ್ಕೆ ಸಮವಾಗುತ್ತದೆಯೇ? ಇದು ನಾವು ಕೂತು ತೀರ್ಮಾನಿಸಬೇಕಾದ ಮಾತು. ನನ್ನ ಪ್ರಾಜೆಕ್ಟಿನಲ್ಲಿ ನಾನು ಸರಾಸರಿಯನ್ನು ಆರಿಸಿಕೊಂಡಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸಾಫ್ಟ್‌ವೇರಿನಲ್ಲಿ ಮೊದಲು ಕಂಡದ್ದು ಅದೇ. ಒಂದು ನೈತಿಕ ತೀರ್ಮಾನವನ್ನು ನಾನು ಹೀಗೆ, ಗೊತ್ತೇ ಆಗದಂತೆ, ಮಾಡಿ ಮುಗಿಸಿದ್ದೆ.

ಗಡಿಯ ವಿಷಯವೂ ಹೀಗೆಯೇ. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಜಿಲ್ಲೆಯ ಗಡಿಯನ್ನೇ ನನ್ನ ಮಾದರಿಯ ಗಡಿಯಾಗಿ ಇಟ್ಟುಕೊಂಡಿದ್ದೆ. ಕಾಯಿಲೆ ಬಿದ್ದವರು ಗಡಿ ನೋಡುವುದಿಲ್ಲ. ಗೌರಿಬಿದನೂರಿನವರು ಆಂಧ್ರದ ಹಿಂದೂಪುರಕ್ಕೆ ಹೋಗುತ್ತಾರೆ, ಚಿಂತಾಮಣಿಯವರು ಕೋಲಾರಕ್ಕೋ ಮದನಪಲ್ಲಿಗೋ ಹೋಗುತ್ತಾರೆ. ನನ್ನ ಕಾಗದದ ಮೇಲೆ ಅವರೆಲ್ಲ ಆರೋಗ್ಯವಂತರು.

ಇನ್ನೂ ಒಂದು ಕಡೆ ಸಂಖ್ಯಾಶಾಸ್ತ್ರ ತಾನಾಗಿಯೇ ಮಾತು ನಿಲ್ಲಿಸುತ್ತದೆ. 2018–20ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ 69. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನಸಂಖ್ಯೆ ಸುಮಾರು 12.5 ಲಕ್ಷ. ಸಾವಿರಕ್ಕೆ 16 ಜನನ ಎಂದು ಹಿಡಿದರೆ ವರ್ಷಕ್ಕೆ 20,000. ರಾಜ್ಯದ ದರವೇ ಇಲ್ಲಿಯೂ ಇದ್ದರೆ ವರ್ಷಕ್ಕೆ ಸುಮಾರು 14 ತಾಯಂದಿರು. ಒಂದು ವರ್ಷ 10, ಇನ್ನೊಂದು ವರ್ಷ 18 ಆದರೆ ಅದು ಬರೀ ಆಕಸ್ಮಿಕದ ಏರಿಳಿತ ಇರಬಹುದು, ಅದರಿಂದ ಏನನ್ನೂ ತೀರ್ಮಾನಿಸಬೇಡಿ ಎನ್ನುತ್ತದೆ ನನ್ನ ಶಾಸ್ತ್ರ. ಆ ಮಾತು ಸರಿಯೇ. ಆದರೆ ಆ ಹದಿನೆಂಟನೆಯ ಮನೆಯಲ್ಲಿ ನಿಂತು ಆಕಸ್ಮಿಕದ ಏರಿಳಿತ ಎನ್ನಲಾಗುವುದಿಲ್ಲ. ಅಲ್ಲಿ ಕೇಳಬೇಕಾದ್ದು ಬೇರೆ: ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ರಕ್ತ ಎಲ್ಲಿ ಸಿಗಲಿಲ್ಲ, ಎಷ್ಟು ಕಡೆ ಅಲೆಸಿದರು. ಸಂಖ್ಯೆ ಚಿಕ್ಕದಾದಷ್ಟೂ ಒಂದೊಂದು ಮನೆಯ ಕಥೆ ಕೇಳುವ ಹೊಣೆ ದೊಡ್ಡದಾಗುತ್ತದೆ.

ಊರಿಗೆ ಮರಳಿದ ಮೇಲೆ ಮಾದರಿಯನ್ನು ಮತ್ತೆ ಕಟ್ಟಿದೆ. ಸಂಜೆಯ ಹೊತ್ತನ್ನು ಸೇರಿಸಿದೆ, ‘ದಮ್ಮು’ ಎಂದು ಕೇಳಿ ಪಡೆದ ಉತ್ತರಗಳನ್ನು ಸೇರಿಸಿದೆ. ಶಿಡ್ಲಘಟ್ಟ ಮೊದಲ ಸ್ಥಾನಕ್ಕೆ ಬಂತು. ಒಂದು ಕ್ಷಣ ನ್ಯಾಯ ಸಿಕ್ಕಿತು ಅನಿಸಿತು. ಆಮೇಲೆ ಪಟ್ಟಿಯ ಕೊನೆಗೆ ಕಣ್ಣು ಹೋಯಿತು. ಈಗ ಅಲ್ಲಿ ಗೌರಿಬಿದನೂರು ಇತ್ತು. ಆ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ಇನ್ನೊಬ್ಬರು ಗೋಡೆ ಹಿಡಿದು ನಿಂತಿರಬಹುದು, ಅವರ ಬಾಯಲ್ಲಿ ಅದಕ್ಕೆ ಇನ್ಯಾವ ಹೆಸರಿದೆಯೋ. ಇರುವುದು ಒಂದೇ ಎಂದಮೇಲೆ ಯಾರಾದರೂ ಕೊನೆಯವರಾಗಲೇಬೇಕು. ಯಾವ ಮಾದರಿಯೂ ಇದನ್ನು ತಪ್ಪಿಸಲಾರದು.

ಹಾಗಾಗಿ ಈಗ ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಪಟ್ಟಿಯ ಕೊನೆಯಲ್ಲಿ ಉಳಿದವರ ಮುಂದೆ ಹೋಗಿ, ಅವರ ಮಾತಿನಲ್ಲೇ, ಯಾಕೆ ಹೀಗಾಯಿತು ಎಂದು ಹೇಳಬಲ್ಲೆನೇ? ಅವರು “ನಮ್ಮನ್ನು ಎಣಿಸಿದಿರಾ?” ಎಂದು ಕೇಳಿದರೆ ಹೌದು ಎನ್ನಬಲ್ಲೆನೇ? ಎಣಿಸಿಯೂ ಕೊಡಲಾಗಲಿಲ್ಲ ಎನ್ನುವುದು ಬಡತನ. ಅದಕ್ಕೆ ಜಗಳವಾಡಿ ಇನ್ನೊಂದನ್ನು ಕೇಳಬಹುದು. ಎಣಿಸದೆಯೇ ಕೊಡದಿರುವುದು ಅನ್ಯಾಯ. ನನ್ನ ಮೊದಲ ವರದಿ ಈ ಪರೀಕ್ಷೆಯಲ್ಲಿ ಪಾಸಾಗುತ್ತಿರಲಿಲ್ಲ. ಅದಕ್ಕೆ ಕಾಲೇಜಿನಲ್ಲಿ ಒಳ್ಳೆಯ ಅಂಕವೇ ಬರುತ್ತಿತ್ತೇನೋ.

ಪ್ರಾಜೆಕ್ಟು ಕಪಾಟಿನಲ್ಲಿದೆ. ಚಿಕಿತ್ಸಾಲಯ ಎಲ್ಲೂ ತೆರೆಯಲಿಲ್ಲ, ಅದು ವಿದ್ಯಾರ್ಥಿಯೊಬ್ಬನ ಕಲ್ಪನೆ ಅಷ್ಟೇ. ಹಳೆಯ ನಮೂನೆಯನ್ನು ಮಾತ್ರ ಎಸೆದಿಲ್ಲ. ಅದರಲ್ಲಿ ‘ಇಲ್ಲ’ ಎಂಬ ಗುರುತನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ದಮ್ಮು’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ.