ಕೊಂಡವನೇ ಒಡೆಯನೇ?

ಹಳೆಯ ಮನೆಯೊಂದು ಮಾರಾಟಕ್ಕೆ ಬಂದಾಗ ಎರಡು ಬೆಲೆಗಳು ಎದುರಾಗುತ್ತವೆ. ಒಂದು, ನಿಂತಿರುವ ಮನೆಯ ಬೆಲೆ. ಇನ್ನೊಂದು, ಅದನ್ನು ಕೆಡವಿದರೆ ಕೈಸೇರುವ ನಿವೇಶನ ಹಾಗೂ ಸಾಮಗ್ರಿಗಳ ಬೆಲೆ. ಮಾಡು ಸೋರಿ, ಗೋಡೆ ಬಿರುಕುಬಿಟ್ಟಿದ್ದರೆ ಎರಡನೆಯದೇ ಹೆಚ್ಚಾಗುವುದುಂಟು. ಆಗ ಕೊಂಡವನು ಕೆಡವಿದರೆ ತಪ್ಪೇನು? ಹಣ ತೆತ್ತವನು ತನ್ನ ಸ್ವತ್ತನ್ನು ಇಷ್ಟಬಂದಂತೆ ಬಳಸಬಾರದೆಂದು ಹೇಳಲು ಯಾರಿಗೆ ಹಕ್ಕಿದೆ? ಅಮೆರಿಕದ ಊರೊಂದು ಈ ಪ್ರಶ್ನೆಯನ್ನು ಎದುರಿಸಿದ ಬಗೆ ನಮ್ಮ ಆಲೋಚನೆಗೂ ಯೋಗ್ಯವಾಗಿದೆ.

ಜಾರ್ಜಿಯ ರಾಜ್ಯದ ಸವಾನಾ, 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಸ್ಥಾಪಿಸಿದ ನಗರ. ಮರಗಳ ನೆರಳಿನ ಚೌಕಗಳು, ಅವುಗಳ ಸುತ್ತಮುತ್ತ ಒಂದಕ್ಕೊಂದು ತಾಗಿ ನಿಂತ ಮಹಡಿಮನೆಗಳ ಸಾಲುಗಳು ಅದರ ಸೊಬಗು. ಇಪ್ಪತ್ತನೆಯ ಶತಮಾನದಲ್ಲಿ ಉಳ್ಳವರು ಹೊರವಲಯಕ್ಕೆ ಹೋದರು. ದೊಡ್ಡ ಮನೆಗಳು ಕೋಣೆಕೋಣೆಯಾಗಿ ಬಾಡಿಗೆಗೆ ಹಂಚಿಹೋಗಿ ಶಿಥಿಲವಾದವು. 1954ರಲ್ಲಿ ಹಳೆಯ ಮಾರುಕಟ್ಟೆಯನ್ನು ಕೆಡವಿ ವಾಹನಗಳ ನಿಲುಗಡೆಗೆ ಕಟ್ಟಡ ಕಟ್ಟಿದರು. ಮರುವರ್ಷ, 1820ರ ಡೇವನ್‌ಪೋರ್ಟ್ ಮನೆಯೂ ನೆಲಸಮವಾಗುವುದರಲ್ಲಿತ್ತು. ಏಳು ಮಂದಿ ಮಹಿಳೆಯರು 22,500 ಡಾಲರ್ ಕೂಡಿಸಿ ಅದನ್ನು ಕೊಂಡು ಉಳಿಸಿದರು. ‘ಹಿಸ್ಟಾರಿಕ್ ಸವಾನಾ ಫೌಂಡೇಶನ್’ ಹುಟ್ಟಿದ್ದು ಹೀಗೆ.

1960ರ ಹೊತ್ತಿಗೆ ಮಾರ್ಷಲ್ ರೋ ಎಂಬ ನಾಲ್ಕು ಮನೆಗಳ ಸಾಲಿಗೂ ಕುತ್ತು ಬಂತು. ಅದರ ಇಟ್ಟಿಗೆಯೇ ಅದಕ್ಕೆ ಶತ್ರುವಾಯಿತು! ‘ಸವಾನಾ ಗ್ರೇ’ ಎನ್ನುವ ಆ ದಪ್ಪ ಇಟ್ಟಿಗೆಗೆ ಹೊರವಲಯದ ಹೊಸ ಮನೆಗಳಲ್ಲಿ ಭಾರೀ ಬೇಡಿಕೆಯಿತ್ತು. ಹಿಂಬದಿಯ ಗಾಡಿಮನೆಗಳು ಆಗಲೇ ಉರುಳಿದ್ದವು. ಲೀ ಆಡ್ಲರ್ ಮತ್ತವರ ಸಂಗಡಿಗರು ಹಣ ಹೊಂದಿಸಿ ಉಳಿದುದನ್ನು ಕೊಂಡರು. ನಮ್ಮ ಊರುಗಳಲ್ಲೂ ತೊಟ್ಟಿಮನೆಗಿಂತ ಅದರ ಕಂಬಗಳಿಗೆ, ಕೆತ್ತನೆಯ ಬಾಗಿಲಿಗೆ ಬೇಗ ಗಿರಾಕಿ ಸಿಗುವುದನ್ನು ನೀವು ಕಂಡಿರಬಹುದು.

ಆದರೆ ಆ ಇಟ್ಟಿಗೆಗಳನ್ನು ಮಾಡಿದವರು ಯಾರು? ನದಿಯ ದಡದ ಹರ್ಮಿಟೇಜ್ ತೋಟದಲ್ಲಿ, ಹೆನ್ರಿ ಮೆಕಾಲ್ಪಿನ್ ಎಂಬವನ ಅಧೀನದಲ್ಲಿದ್ದ ಗುಲಾಮರು. ಮಣ್ಣು ಕಲಸಿದ, ಅಚ್ಚು ಹಾಕಿದ, ಗೂಡು ಸುಟ್ಟ ಆ ಕೈಗಳಿಗೆ ನ್ಯಾಯವಾದ ಕೂಲಿ ದೊರಕಲಿಲ್ಲ. ಅನಂತರ ಆ ಗೋಡೆಗಳು ಎಷ್ಟು ಬಾರಿ ಮಾರಾಟವಾದರೂ ಆ ಬೆವರಿನ ಬೆಲೆಯನ್ನು ಯಾವ ಕ್ರಯಪತ್ರವೂ ತೀರಿಸಿಲ್ಲ. ಪೂರ್ತಿ ಬೆಲೆಯನ್ನೇ ತೆರದ ವಸ್ತುವಿಗೆ ನಾವು ಪೂರ್ತಿ ಒಡೆಯರಾಗುವುದೆಂತು? ಹಳೆಯ ಮನೆಯನ್ನು ಕೊಂಡವನು ಒಂದು ಸ್ವತ್ತಿನ ಜೊತೆಗೆ ಒಂದು ಋಣವನ್ನೂ ಕೊಳ್ಳುತ್ತಾನೆ. ಹಿಂದಿನವರ ದುಡಿಮೆಯನ್ನು ಮುಂದಿನವರಿಗೆ ದಾಟಿಸುವ ಪಾರುಪತ್ಯಗಾರನ ಸ್ಥಾನವೇ ಅವನದು.

ಈ ಋಣವನ್ನು ಸವಾನಾದವರು ಕ್ರಯಪತ್ರದಲ್ಲೇ ಬರೆಸಿದರು. ಸಂಸ್ಥೆ ಶಿಥಿಲ ಮನೆಯನ್ನು ಕೊಂಡು, ‘ಕೆಡವಕೂಡದು, ಗೊತ್ತಾದ ಅವಧಿಯೊಳಗೆ ದುರಸ್ತಿ ಮಾಡತಕ್ಕದ್ದು’ ಎಂಬ ಷರತ್ತಿನೊಡನೆ ಮರುಮಾರಾಟ ಮಾಡುತ್ತದೆ. ಬಂದ ಹಣದಿಂದ ಮತ್ತೊಂದು ಮನೆಯನ್ನು ಕೊಳ್ಳುತ್ತದೆ. ಹೀಗೆ ನೂರಾರು ಕಟ್ಟಡಗಳು ಉಳಿದವು. ದುರಸ್ತಿಗೂ ವಿನಯ ಬೇಕು. ಹಳೆಯ ಮೆದು ಇಟ್ಟಿಗೆಯ ಸಂದುಗಳಿಗೆ ಗಟ್ಟಿ ಸಿಮೆಂಟು ತುಂಬಿದರೆ ತೇವ ಹೊರಹೋಗಲಾರದೆ ಇಟ್ಟಿಗೆಯ ಮುಖವೇ ಪುಡಿಪುಡಿಯಾಗುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಬಲವಾದದ್ದೆಲ್ಲ ಹಿತವಾದದ್ದಲ್ಲ.

ಇಲ್ಲಿ ಇನ್ನೊಂದು ಕಠಿಣ ಪ್ರಶ್ನೆಯಿದೆ. ಮನೆ ಸುಂದರವಾದಂತೆ ಬಾಡಿಗೆ ಏರುತ್ತದೆ. ಸೋರುವ ಮಾಡಿನಡಿ ದಿನ ನೂಕಿದ ಬಡವರೇ ಹೊರದೂಡಲ್ಪಡುತ್ತಾರೆ. ಗೋಡೆಯನ್ನು ಉಳಿಸಿ ಮನುಷ್ಯನನ್ನು ಬೀದಿಗೆ ಕಳುಹಿಸಿದರೆ ಅದು ಎಂತಹ ಉದ್ಧಾರ? ಇದನ್ನು ಮನಗಂಡೇ ಆಡ್ಲರ್ 1974ರಲ್ಲಿ ‘ಸವಾನಾ ಲ್ಯಾಂಡ್‌ಮಾರ್ಕ್’ ಎಂಬ ಮತ್ತೊಂದು ಸಂಸ್ಥೆಯನ್ನು ಕಟ್ಟಿದರು. ವಿಕ್ಟೋರಿಯನ್ ಬಡಾವಣೆಯ ಮರದ ಮನೆಗಳನ್ನು ಸರಿಪಡಿಸಿ, ಸರಕಾರದ ನೆರವಿನಿಂದ ಅಲ್ಪ ಆದಾಯದವರಿಗೇ ಬಾಡಿಗೆಗೆ ಕೊಡುವುದು ಅದರ ಗುರಿ. ಅಲ್ಲಿನ ನಿವಾಸಿಗಳಲ್ಲಿ ಹೆಚ್ಚಿನವರು ಕಪ್ಪುಜನರು. ಇದರಿಂದ ಇಡೀ ಊರಿನ ಬಡತನ ನೀಗಲಿಲ್ಲ, ನಿಜ. ಆದರೂ ಮನೆಯ ದುರಸ್ತಿಯೆಂದರೆ ಮನೆಯೊಳಗಿನವರ ಬದುಕಿನ ದುರಸ್ತಿಯೂ ಹೌದೆಂಬುದನ್ನು ಅದು ಒಪ್ಪಿಕೊಂಡಿತು.

ಎಲ್ಲ ಹಳೆಯ ಮನೆಗಳನ್ನೂ ಉಳಿಸಲಾಗದು. ಬೀಳುವ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸೆಂದು ಯಾರಿಗೂ ಹೇಳಲಾಗದು. ದುರಸ್ತಿಯ ಪೂರ್ತಿ ಹೊರೆಯನ್ನು ಒಂದೇ ಕುಟುಂಬದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಊರಿಗೆ ಬೇಕಾದ ಮನೆಯ ಭಾರಕ್ಕೆ ಊರೂ ಹೆಗಲು ಕೊಡಬೇಕು. ಆದರೆ ಕೆಡವುವ ಮುನ್ನ ಒಂದು ಗಳಿಗೆ ನಿಲ್ಲಬೇಕಲ್ಲವೇ? ಸವಾನಾದವರು 2010ರಲ್ಲಿ, ವಾಹನಗಳ ಕಟ್ಟಡವನ್ನು ತೆಗೆದ ಜಾಗದಲ್ಲಿ ಎಲ್ಲಿಸ್ ಚೌಕವನ್ನು ಮತ್ತೆ ತೆರೆದರು. ಚೌಕ ಮರಳಿತು, 1954ರಲ್ಲಿ ಕಳೆದುಕೊಂಡ ಮಾರುಕಟ್ಟೆ ಮರಳಲಿಲ್ಲ.

ಓದುಗರೇ, ಪಿತ್ರಾರ್ಜಿತವಾಗಿಯೋ ಕ್ರಯಕ್ಕೋ ನಿಮ್ಮ ಕೈಗೆ ಹಳೆಯ ಮನೆಯೊಂದು ಬಂದರೆ, ಅದರ ಬೆಲೆಯೆಷ್ಟೆಂದು ಕೇಳುವಾಗಲೇ ಅದನ್ನು ಕಟ್ಟಿದವರು ಯಾರು, ಈಗ ಅದರಲ್ಲಿ ಬಾಳುತ್ತಿರುವವರು ಯಾರು ಎಂದೂ ಕೇಳಿರಿ. ಕೀಲಿಕೈ ನಮ್ಮ ಬಳಿ ಇರುವುದು ಕೆಲವು ಕಾಲ ಮಾತ್ರ.